ಒಂದು ಅಂಗುಲದ ಲೆಕ್ಕ: ಒಳಾಂಗಣ ವಿನ್ಯಾಸದ ಪದವಿ ಮತ್ತು ಬುನಾದಿ ವರ್ಷ

ವ್ಯಾಪಾರಸ್ಥರ ಮನೆಗಳಲ್ಲಿ ಮಕ್ಕಳ ಶಿಕ್ಷಣದ ತೀರ್ಮಾನವು ಬಹುಪಾಲು ವ್ಯವಹಾರದ ಮುಂದಿನ ತಲೆಮಾರಿನ ತೀರ್ಮಾನವೂ ಆಗಿರುತ್ತದೆ. ಪಿಯುಸಿ ಮುಗಿದ ಕೂಡಲೇ ಬಿ.ಕಾಂ., ಅನಂತರ ಗಲ್ಲಾಪೆಟ್ಟಿಗೆ ಎಂಬುದು ದೀರ್ಘಕಾಲ ನಡೆದುಬಂದ ಕ್ರಮ. ಇತ್ತೀಚಿನ ವರ್ಷಗಳಲ್ಲಿ ಪ್ಲೈವುಡ್, ಲ್ಯಾಮಿನೇಟ್, ಹಾರ್ಡ್‌ವೇರ್, ಗಾಜು, ಪರದೆ ಬಟ್ಟೆ, ವಿದ್ಯುತ್ ದೀಪ ಮತ್ತು ಮಾಡ್ಯುಲರ್ ಅಡುಗೆಮನೆಗಳ ವ್ಯವಹಾರದಲ್ಲಿರುವ ಕುಟುಂಬಗಳಲ್ಲಿ ಈ ಕ್ರಮಕ್ಕೆ ಒಂದು ಪ್ರಶ್ನೆ ಎದುರಾಗಿದೆ. ಮಗ ಅಥವಾ ಮಗಳು ಒಳಾಂಗಣ ವಿನ್ಯಾಸ ಓದುವೆನೆಂದರೆ ಒಪ್ಪುವುದೇ? ಒಪ್ಪಿದರೂ, ಮೂರು ವರ್ಷಗಳ ಪದವಿಗೆ ಬದಲಾಗಿ ಮೊದಲ ವರ್ಷವನ್ನು ಕೇವಲ ಬುನಾದಿಗೆ ಮೀಸಲಿಡುವ ನಾಲ್ಕು ವರ್ಷಗಳ ಪದವಿಗೆ ಹಣ ತೊಡಗಿಸುವುದು ಸರಿಯೇ?

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಾರತ್ತಹಳ್ಳಿಯಲ್ಲಿ ತಂದೆಗೆ ಪ್ಲೈವುಡ್ ಮತ್ತು ಲ್ಯಾಮಿನೇಟ್ ಅಂಗಡಿ. ಅದರ ಹಿಂಬದಿಯಲ್ಲಿ ವಾರ್ಡ್‌ರೋಬ್ ಮತ್ತು ಅಡುಗೆಮನೆಯ ಕಪಾಟುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ. ಮಗಳು ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಒಳಾಂಗಣ ವಿನ್ಯಾಸದಲ್ಲಿ ಆಸಕ್ತಿ. ತಂದೆಯ ಆಕ್ಷೇಪ ಎರಡು: ಹತ್ತನೆಯ ತರಗತಿಯ ನಂತರ ಪೆನ್ಸಿಲ್ ಹಿಡಿದು ಚಿತ್ರ ಬರೆಯದವಳು ವಿನ್ಯಾಸವನ್ನು ಹೇಗೆ ಕಲಿತಾಳು? ಮತ್ತು ಒಂದು ವರ್ಷ ಕಾಗದ, ಬಣ್ಣ, ಜೇಡಿಮಣ್ಣುಗಳಲ್ಲಿ ಕಳೆದುಹೋದರೆ ಅದರ ನಷ್ಟವನ್ನು ಯಾರು ಭರಿಸಬೇಕು? ಈ ಎರಡೂ ಆಕ್ಷೇಪಗಳು ನ್ಯಾಯವಾದವು. ಎರಡನ್ನೂ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡೇ ಪರಿಶೀಲಿಸಬೇಕು.

ಬದಲಾದ ಮಾರುಕಟ್ಟೆ

ಹಳೆಯ ವಿಮಾನ ನಿಲ್ದಾಣ ರಸ್ತೆಯು ಹೊರವರ್ತುಲ ರಸ್ತೆಯನ್ನು ಸಂಧಿಸುವ ಸ್ಥಳದಲ್ಲಿ ಬೆಳೆದ ಮಾರತ್ತಹಳ್ಳಿಯು, ಒಂದು ಹಳ್ಳಿ ಕೆಲವೇ ದಶಕಗಳಲ್ಲಿ ವಾಣಿಜ್ಯ ಕೇಂದ್ರವಾಗುವುದಕ್ಕೆ ಉತ್ತಮ ನಿದರ್ಶನ. ಪಶ್ಚಿಮಕ್ಕೆ 1940ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ವಿಮಾನ ಕಾರ್ಖಾನೆ, ಪೂರ್ವಕ್ಕೆ ವೈಟ್‌ಫೀಲ್ಡ್‌ನ ತಂತ್ರಾಂಶ ಉದ್ಯಾನಗಳು, ಉತ್ತರಕ್ಕೆ ದೊಡ್ಡನೆಕ್ಕುಂದಿ ಮತ್ತು ಮಹದೇವಪುರದ ಕೈಗಾರಿಕಾ ಪ್ರದೇಶ. 2007ರಲ್ಲಿ 7 ನಗರಸಭೆಗಳು, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. 2008ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನವು ದೇವನಹಳ್ಳಿಗೆ ಸ್ಥಳಾಂತರಗೊಂಡಿತು. ವಿಮಾನ ನಿಲ್ದಾಣವನ್ನು ನೆಚ್ಚಿಕೊಂಡಿದ್ದ ವ್ಯಾಪಾರ ಕುಗ್ಗಿದರೂ ಹೊರವರ್ತುಲ ರಸ್ತೆಯ ಕಚೇರಿ ಸಂಕೀರ್ಣಗಳು ಮತ್ತು ಅವುಗಳ ಬೆನ್ನಿಗೇ ಎದ್ದ ವಸತಿ ಸಮುಚ್ಚಯಗಳು ಆ ಕೊರತೆಯನ್ನು ತುಂಬಿದವು. 2023ರಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆ.ಆರ್. ಪುರದ ಮೂಲಕ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಗಿ ಸಂಚಾರ ಆರಂಭಿಸಿದ್ದು ಈ ಭಾಗದ ವಸತಿ ಬೇಡಿಕೆಗೆ ಮತ್ತಷ್ಟು ಬಲ ನೀಡಿತು.

ಒಂದೊಂದು ವಸತಿ ಸಮುಚ್ಚಯವೂ ಮರಗೆಲಸಕ್ಕೆ ನೂರಾರು ಮನೆಗಳನ್ನು ಒದಗಿಸುತ್ತದೆ. ಹಿಂದೆ ಮನೆಯೊಡೆಯನು ಬಡಗಿಯೊಡನೆ ಅಂಗಡಿಗೆ ಬಂದು, ಹಲಗೆಯನ್ನು ತಟ್ಟಿ ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತಿದ್ದನು. ಇಂದು ಅವನು ಮೊದಲು ಭೇಟಿಯಾಗುವುದು ವಿನ್ಯಾಸಕನನ್ನು. 2014ರಲ್ಲಿ ಆರಂಭಗೊಂಡ ಲಿವ್‌ಸ್ಪೇಸ್ ಮತ್ತು ಹೋಮ್‌ಲೇನ್‌ನಂತಹ ಸಂಸ್ಥೆಗಳು ವಿನ್ಯಾಸ, ತಯಾರಿಕೆ ಮತ್ತು ಅಳವಡಿಕೆಗಳನ್ನು ಒಂದೇ ಕರಾರಿನಲ್ಲಿ ಒದಗಿಸತೊಡಗಿದವು. ಇದರ ಪರಿಣಾಮವನ್ನು ಸಣ್ಣ ವರ್ತಕರು ಚೆನ್ನಾಗಿ ಬಲ್ಲರು. ಯಾವ ಹಲಗೆ, ಯಾವ ಹಿಂಜು, ಯಾವ ಬಣ್ಣ ಎಂಬ ತೀರ್ಮಾನವು ಅಂಗಡಿಯ ಮೇಜಿನಿಂದ ವಿನ್ಯಾಸಕನ ಮೇಜಿಗೆ ಸರಿದಿದೆ. ತೀರ್ಮಾನ ಕೈಬಿಟ್ಟರೆ ಲಾಭಾಂಶವೂ ಕೈಬಿಡುತ್ತದೆ. ವರ್ತಕನು ಕೇವಲ ಸರಕು ಸಾಗಿಸುವವನಾಗಿ ಉಳಿಯುತ್ತಾನೆ. ಆದ್ದರಿಂದ ವಿನ್ಯಾಸ ಶಿಕ್ಷಣದ ಪ್ರಶ್ನೆಯು ಇಂತಹ ಕುಟುಂಬಗಳಿಗೆ ಮಕ್ಕಳ ಅಭಿರುಚಿಯ ವಿಷಯವಷ್ಟೇ ಅಲ್ಲ, ವ್ಯವಹಾರದ ಉಳಿವಿನ ವಿಷಯವೂ ಹೌದು.

ಬುನಾದಿ ವರ್ಷ ಎಂದರೇನು?

ವಿನ್ಯಾಸ ಶಾಲೆಗಳಲ್ಲಿ ಫೌಂಡೇಶನ್ ಎಂದು ಕರೆಯಲಾಗುವ ಮೊದಲ ವರ್ಷದಲ್ಲಿ ವಿದ್ಯಾರ್ಥಿಯು ಯಾವುದೇ ಒಂದು ವಿಭಾಗಕ್ಕೆ ಸೇರಿರುವುದಿಲ್ಲ. ರೇಖಾಚಿತ್ರ, ಜ್ಯಾಮಿತಿ, ಬಣ್ಣ, ಆಕಾರ, ವಸ್ತುಗಳ ಗುಣ, ಅಳತೆ, ಕಾರ್ಯಾಗಾರದ ಉಪಕರಣಗಳ ಬಳಕೆ ಮತ್ತು ಮಾದರಿ ತಯಾರಿಕೆ ಇವು ಸಾಮಾನ್ಯ ಪಾಠಗಳು. ಅನಂತರದ ಮೂರು ವರ್ಷಗಳಲ್ಲಿ ಪೀಠೋಪಕರಣ ಮತ್ತು ಒಳಾಂಗಣ, ಜವಳಿ, ಉತ್ಪನ್ನ, ಸಂವಹನ ಮುಂತಾದ ವಿಭಾಗಗಳಲ್ಲಿ ವಿಶೇಷ ಅಧ್ಯಯನ ನಡೆಯುತ್ತದೆ.

ಈ ಪದ್ಧತಿಯ ಮೂಲವು ಜರ್ಮನಿಯ ವೈಮಾರ್ ನಗರದಲ್ಲಿ 1919ರಲ್ಲಿ ಆರಂಭವಾದ ಬೌಹೌಸ್ ಶಾಲೆಯಲ್ಲಿದೆ. ಅಲ್ಲಿ ಜೊಹಾನೆಸ್ ಇಟೆನ್ ರೂಪಿಸಿದ ಪೂರ್ವಭಾವಿ ಶಿಕ್ಷಣವನ್ನು ಮುಗಿಸಿದವರಿಗಷ್ಟೇ ಮರ, ಲೋಹ, ನೇಯ್ಗೆಗಳ ಕಾರ್ಯಾಗಾರಗಳಿಗೆ ಪ್ರವೇಶ ದೊರೆಯುತ್ತಿತ್ತು. ಮುಂದೆ ಅದೇ ಪಾಠವನ್ನು ನಡೆಸಿದ ಜೋಸೆಫ್ ಆಲ್ಬರ್ಸ್ ವಿದ್ಯಾರ್ಥಿಗಳಿಗೆ ಸಾಮಾನ್ಯ ಕಾಗದವನ್ನು ಕೊಟ್ಟು, ಚೂರೂ ವ್ಯರ್ಥವಾಗದಂತೆ ಅದನ್ನು ಕತ್ತರಿಸಿ ಮಡಚಿ ರೂಪ ಕೊಡುವ ಅಭ್ಯಾಸ ಮಾಡಿಸುತ್ತಿದ್ದರು. ಕಡಿಮೆ ವಸ್ತುವಿನಿಂದ ಹೆಚ್ಚು ಫಲ ಪಡೆಯುವುದೇ ಆ ಪಾಠದ ಗುರಿ. ಸರಕಿನ ಬೆಲೆ ಬಲ್ಲ ಯಾವ ವರ್ತಕನೂ ಇದನ್ನು ಮಕ್ಕಳಾಟ ಎನ್ನಲಾರನು.

ಭಾರತಕ್ಕೆ ಈ ಪದ್ಧತಿ ಬಂದದ್ದು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಮೂಲಕ. ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಕೋರಿಕೆಯ ಮೇರೆಗೆ 1958ರಲ್ಲಿ ಸಲ್ಲಿಸಿದ ವರದಿಯ ಆಧಾರದ ಮೇಲೆ 1961ರಲ್ಲಿ ಅಹಮದಾಬಾದಿನಲ್ಲಿ ಈ ಸಂಸ್ಥೆ ಸ್ಥಾಪನೆಯಾಯಿತು. ಆ ವರದಿಯು ಭಾರತೀಯ ವಿನ್ಯಾಸದ ಶ್ರೇಷ್ಠ ಉದಾಹರಣೆಯಾಗಿ ಎತ್ತಿ ಹಿಡಿದದ್ದು ಯಾವುದೇ ಅರಮನೆಯನ್ನಲ್ಲ, ಮನೆಮನೆಯಲ್ಲಿರುವ ಚೆಂಬನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಸುರಿಯುವಾಗ ತೂಕ ಹೇಗೆ ಹಂಚಿಕೆಯಾಗಬೇಕು, ಬೆಲೆ ಎಷ್ಟು ಎಂಬ ಪ್ರಶ್ನೆಗಳೇ ವಿನ್ಯಾಸದ ಪ್ರಶ್ನೆಗಳು ಎಂಬುದು ಅದರ ತಾತ್ಪರ್ಯ.

ಕರ್ನಾಟಕಕ್ಕೂ ಕೈಕೆಲಸದ ಶಾಸ್ತ್ರೀಯ ಶಿಕ್ಷಣ ಹೊಸದಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಶಿಲಾನ್ಯಾಸವಾಗಿ 1913ರಿಂದ ಅದು ಕಾರ್ಯಾರಂಭ ಮಾಡಿತು. ಬಡಗಿ ಕೆಲಸ, ಬೀಟೆಮರದ ಕೆತ್ತನೆ ಮುಂತಾದ ಕಸುಬುಗಳನ್ನು ಚಿತ್ರಲೇಖನದ ಅಡಿಪಾಯದೊಂದಿಗೆ ಕಲಿಸುವುದು ಅಲ್ಲಿನ ಉದ್ದೇಶವಾಗಿತ್ತು. ಮೊದಲು ಕೈ ಮತ್ತು ಕಣ್ಣು, ಅನಂತರ ಕಸುಬು ಎಂಬ ಕ್ರಮವು ನಮ್ಮ ನೆಲದಲ್ಲಿ ಶತಮಾನದ ಹಿಂದೆಯೇ ಒಪ್ಪಿತವಾಗಿತ್ತು ಎಂದಾಯಿತು.

ತಂದೆಯ ಮೊದಲ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಇದೆ. ಅಹಮದಾಬಾದಿನ ಸಂಸ್ಥೆಯ ಪದವಿ ಪ್ರವೇಶಕ್ಕಾಗಲಿ, ಐಐಟಿಗಳ ವಿನ್ಯಾಸ ಪದವಿಗಾಗಿ ನಡೆಯುವ ಯುಸೀಡ್ ಪರೀಕ್ಷೆಗಾಗಲಿ ವಿಜ್ಞಾನ ವಿಭಾಗವೇ ಆಗಬೇಕೆಂಬ ನಿರ್ಬಂಧವಿಲ್ಲ. ವಾಣಿಜ್ಯ ಮತ್ತು ಕಲಾ ವಿಭಾಗದವರೂ ಅರ್ಹರು. ಬೇರೆ ಬೇರೆ ಹಿನ್ನೆಲೆಯಿಂದ ಬಂದವರನ್ನು ಒಂದೇ ಮಟ್ಟಕ್ಕೆ ತರುವುದಕ್ಕಾಗಿಯೇ ಬುನಾದಿ ವರ್ಷ ಇರುವುದು. ವಾಣಿಜ್ಯ ಓದಿದ ವಿದ್ಯಾರ್ಥಿನಿಗೆ ಅದು ಹೆಚ್ಚುವರಿ ಹೊರೆಯಲ್ಲ. ಅವಳು ಒಳಗೆ ಬರಲು ತೆರೆದಿರುವ ಬಾಗಿಲು.

ಒಂದು ಅಂಗುಲದ ಉದಾಹರಣೆ

ಎರಡನೆಯ ಆಕ್ಷೇಪಕ್ಕೆ ಉತ್ತರಿಸುವ ಮುನ್ನ, ಅಳತೆಯ ಅಭ್ಯಾಸವಿಲ್ಲದ ವಿನ್ಯಾಸದ ಬೆಲೆ ಎಷ್ಟು ಎಂಬುದನ್ನು ನೋಡಬೇಕು. ಪ್ಲೈವುಡ್ ಹಲಗೆಯ ಸಾಮಾನ್ಯ ಅಳತೆ 8 ಅಡಿ ಉದ್ದ, 4 ಅಡಿ ಅಗಲ. ಅಂದರೆ 2440 ಮತ್ತು 1220 ಮಿಲಿಮೀಟರ್. ವಾರ್ಡ್‌ರೋಬಿನ ಆಳವನ್ನು 600 ಮಿಲಿಮೀಟರ್ ಎಂದು ನಿಗದಿಪಡಿಸಿದರೆ ಒಂದು ಹಲಗೆಯ ಅಗಲದಲ್ಲಿ ಎರಡು ಪಕ್ಕದ ಪಟ್ಟಿಗಳು ದೊರೆಯುತ್ತವೆ. ಗರಗಸದ ಬಾಯಿಗೆ ಹೋಗುವ ಪುಡಿಗೂ ಸ್ಥಳ ಉಳಿಯುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಚೆನ್ನಾಗಿ ಕಂಡಿತೆಂದು ವಿನ್ಯಾಸಕನು ಆಳವನ್ನು ಒಂದು ಅಂಗುಲ ಹೆಚ್ಚಿಸಿ 625 ಎಂದು ಬರೆದನೆಂದು ಇಟ್ಟುಕೊಳ್ಳಬಹುದು. ಎರಡು ಪಟ್ಟಿಗಳಿಗೆ 1250 ಮಿಲಿಮೀಟರ್ ಬೇಕಾಗುತ್ತದೆ. ಹಲಗೆಯಲ್ಲಿರುವುದು 1220 ಮಾತ್ರ. ಹೀಗಾಗಿ ಒಂದು ಹಲಗೆಗೆ ಒಂದೇ ಪಟ್ಟಿ.

ಆಳೆತ್ತರದ ಹತ್ತು ಪಕ್ಕದ ಪಟ್ಟಿಗಳಿಗೆ ಮೊದಲ ಅಳತೆಯಲ್ಲಿ 5 ಹಲಗೆ ಸಾಕು; ಎರಡನೆಯದರಲ್ಲಿ 10 ಹಲಗೆ ಬೇಕು. ಹಲಗೆಗೆ 3,000 ರೂಪಾಯಿ ಎಂದು ಹಿಡಿದರೆ 15,000 ರೂಪಾಯಿಯ ಕೆಲಸಕ್ಕೆ 30,000 ರೂಪಾಯಿ ತೊಡಗಿಸಬೇಕಾಯಿತು. ಉಳಿದ ಪಟ್ಟಿಗಳಲ್ಲಿ ಕೆಲವು ಒಳತಟ್ಟೆಗಳಾಗಿ ಬಳಕೆಯಾಗಬಹುದು. ಮಿಕ್ಕವು ಕಾರ್ಖಾನೆಯ ಗೋಡೆಗೆ ಒರಗಿ ನಿಲ್ಲುತ್ತವೆ. ಪ್ರತಿಯೊಂದು ಕಪಾಟು ತಯಾರಿಕಾ ಘಟಕದಲ್ಲಿಯೂ ಇಂತಹ ಒಂದು ಗೋಡೆ ಇದ್ದೇ ಇದೆ. ವರ್ಷಾಂತ್ಯದ ದಾಸ್ತಾನು ಎಣಿಕೆಯಲ್ಲಿ ಅದಕ್ಕೆ ಯಾವ ಬೆಲೆ ಕಟ್ಟಬೇಕೆಂಬುದು ಮಾಲೀಕನಿಗೂ ಲೆಕ್ಕಪರಿಶೋಧಕನಿಗೂ ತಲೆನೋವು.

ವಸ್ತುವಿನ ಜ್ಞಾನದ ವಿಷಯವೂ ಹೀಗೆಯೇ. ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಭಾರತೀಯ ಮಾನಕ ಐಎಸ್ 303, ಸಾಗರ ದರ್ಜೆಯದಕ್ಕೆ ಐಎಸ್ 710. ನೀರು ತಾಗದ ಮಲಗುವ ಕೋಣೆಯ ಕಪಾಟಿಗೆ ಸಾಗರ ದರ್ಜೆಯನ್ನು ಬರೆದರೆ ಗ್ರಾಹಕನ ಹಣ ವ್ಯರ್ಥ. ಅಡುಗೆಮನೆಯ ನೀರುತೊಟ್ಟಿಯ ಕೆಳಗೆ ಸಾಮಾನ್ಯ ದರ್ಜೆಯನ್ನು ಬರೆದರೆ ಎರಡು ಮಳೆಗಾಲಗಳಲ್ಲಿ ದೂರು ಬಂದು ತಯಾರಕನ ಹೆಸರು ಕೆಡುತ್ತದೆ. ಅಂಗಡಿಯಲ್ಲಿ ಬೆಳೆದ ಮಗುವಿಗೆ ಈ ವ್ಯತ್ಯಾಸವು ಕೈಯ ಸ್ಪರ್ಶದಿಂದಲೇ ತಿಳಿದಿರುತ್ತದೆ. ಆ ತಿಳಿವಳಿಕೆಯನ್ನು ನಕ್ಷೆಯಾಗಿ ಪರಿವರ್ತಿಸುವುದನ್ನು ಶಾಲೆ ಕಲಿಸಬೇಕು. ವರ್ತಕರ ಮಕ್ಕಳಿಗೆ ಈ ಕ್ಷೇತ್ರದಲ್ಲಿ ಇತರರಿಗಿಲ್ಲದ ಅನುಕೂಲವೊಂದು ಹುಟ್ಟಿನಿಂದಲೇ ದೊರೆತಿದೆ ಎಂಬುದನ್ನು ಪೋಷಕರು ಮರೆಯಬಾರದು.

ಲಭ್ಯವಿರುವ ಮಾರ್ಗಗಳು

ಮೊದಲನೆಯದು, ಬುನಾದಿ ವರ್ಷವನ್ನು ಒಳಗೊಂಡ ನಾಲ್ಕು ವರ್ಷಗಳ ಬಿ.ಡಿಸೈನ್. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸವು ಪ್ರತ್ಯೇಕ ವಿಭಾಗವಾಗಿದೆ. ಮಾರತ್ತಹಳ್ಳಿಯಿಂದ ಹೊರವರ್ತುಲ ರಸ್ತೆಯಲ್ಲೇ ಸಾಗಿದರೆ ಸಿಗುವ ಎಚ್‌ಎಸ್‌ಆರ್ ಬಡಾವಣೆಯ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ವಿನ್ಯಾಸ ಪದವಿಯ ಮೊದಲ ವರ್ಷ ಸಾಮಾನ್ಯ ಬುನಾದಿಗೆ ಮೀಸಲು. ಆದರೆ ಅದರ ಒಲವು ಉಡುಪು, ಜವಳಿ ಮತ್ತು ಪರಿಕರಗಳ ಕಡೆಗೆ. ಯಲಹಂಕದಲ್ಲಿ 1996ರಲ್ಲಿ ಆರಂಭವಾದ ಸೃಷ್ಟಿ ಸಂಸ್ಥೆಯು ಈಗ ಮಣಿಪಾಲ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ನಗರದ ಹಲವು ಖಾಸಗಿ ವಿಶ್ವವಿದ್ಯಾಲಯಗಳೂ ಈಗ ಒಳಾಂಗಣ ವಿನ್ಯಾಸದ ಪದವಿಗಳನ್ನು ನೀಡುತ್ತಿವೆ.

ಎರಡನೆಯದು, ರಾಜ್ಯ ವಿಶ್ವವಿದ್ಯಾಲಯಗಳಿಗೆ ಸಂಯೋಜಿತವಾದ ಕಾಲೇಜುಗಳ ಬಿ.ಎಸ್‌ಸಿ. ಮಾದರಿಯ ಪದವಿ. 2021-22ರಲ್ಲಿ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಪದ್ಧತಿಯನ್ನು ಅಳವಡಿಸಿಕೊಂಡಿತ್ತು. 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿದೆ. ಇಲ್ಲಿ ಬುನಾದಿ ಪಾಠಗಳು ಪ್ರತ್ಯೇಕ ವರ್ಷವಾಗಿರದೆ ಮೊದಲ ಸೆಮಿಸ್ಟರುಗಳಲ್ಲಿ ಅಡಕವಾಗಿರುತ್ತವೆ. ಶುಲ್ಕ ಕಡಿಮೆ, ಆದರೆ ಕಾರ್ಯಾಗಾರದ ಸೌಕರ್ಯ ಕಾಲೇಜಿನಿಂದ ಕಾಲೇಜಿಗೆ ಬಹಳ ಭಿನ್ನ.

ಮೂರನೆಯದು, ಐದು ವರ್ಷಗಳ ಬಿ.ಆರ್ಕ್. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಅಗತ್ಯ. ನಾಟಾದಂತಹ ಅರ್ಹತಾ ಪರೀಕ್ಷೆಯೂ ಉಂಟು. ನಾಲ್ಕನೆಯದು, ಎಸ್‌ಎಸ್‌ಎಲ್‌ಸಿ ನಂತರದ ಪಾಲಿಟೆಕ್ನಿಕ್ ಡಿಪ್ಲೊಮಾ ಮತ್ತು ಐಟಿಐ ಶಿಕ್ಷಣ. ಕಾರ್ಖಾನೆಯ ಮೇಲ್ವಿಚಾರಣೆಗೆ ಬೇಕಾದ ಕೈಗಳನ್ನು ಸಿದ್ಧಪಡಿಸುವಲ್ಲಿ ಇವು ಬಹಳ ಉಪಯುಕ್ತ. ಪದವಿಗಿಂತ ಕೀಳೆಂದು ಭಾವಿಸುವುದು ತಪ್ಪು.

ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಕಡೆಗೂ ಕೆಲವರ ಗಮನ ಹರಿದಿದೆ. ಅಲ್ಲಿ ಪದವಿಯ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಅದಕ್ಕೆ ಪೂರ್ವಸಿದ್ಧತಾ ವರ್ಷವನ್ನು ಜೋಡಿಸಿದ ನಾಲ್ಕು ವರ್ಷಗಳ ವ್ಯವಸ್ಥೆಯೂ ಇದೆ. ಅಂದರೆ ಬುನಾದಿ ವರ್ಷದ ಶುಲ್ಕವನ್ನೂ ವಾಸದ ವೆಚ್ಚವನ್ನೂ ಪೌಂಡುಗಳಲ್ಲಿ ತೆರಬೇಕು. ರೇಖೆ, ಬಣ್ಣ, ಅಳತೆಗಳ ಪಾಠವನ್ನು ಇಲ್ಲಿಯೇ ರೂಪಾಯಿಗಳಲ್ಲಿ ಕಲಿತು, ಉನ್ನತ ಅಧ್ಯಯನಕ್ಕೆ ಹೊರಗೆ ಹೋಗುವುದು ಮಧ್ಯಮ ಪ್ರಮಾಣದ ವ್ಯಾಪಾರಿ ಕುಟುಂಬಕ್ಕೆ ಹೆಚ್ಚು ವಿವೇಕದ ಮಾರ್ಗವೆನ್ನಬಹುದು. ಇಲ್ಲಿನ ಸೇತುವೆ ಕೆಳಗಿನ ಅಂಗಡಿಯ ದರ, ಇಲ್ಲಿನ ಬಡಗಿಯ ಕೂಲಿ, ಇಲ್ಲಿನ ಮಳೆಗಾಲದ ತೇವ ಇವನ್ನು ಹೊರಗಿನ ಯಾವ ಶಾಲೆಯೂ ಕಲಿಸಲಾರದು.

ಮಾನ್ಯತೆ: ರಸೀದಿಯಲ್ಲಿರುವ ಸುಳಿವು

ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ. ಪರಿಷತ್ತಿನಲ್ಲಿ ನೋಂದಣಿಯಾಗದವರು ಆರ್ಕಿಟೆಕ್ಟ್ ಎಂಬ ಬಿರುದನ್ನು ಬಳಸುವಂತಿಲ್ಲ. ಒಳಾಂಗಣ ವಿನ್ಯಾಸಕರಿಗೆ ಇಂತಹ ಶಾಸನಬದ್ಧ ನೋಂದಣಿಯಿಲ್ಲ. ಅದೇ 1972ರಲ್ಲಿ ಸ್ಥಾಪನೆಯಾದ ಭಾರತೀಯ ಒಳಾಂಗಣ ವಿನ್ಯಾಸಕರ ಸಂಸ್ಥೆಯು ವೃತ್ತಿಪರರ ಸ್ವಯಂಪ್ರೇರಿತ ಸಂಘಟನೆ. ಯಾರು ಬೇಕಾದರೂ ಫಲಕ ತೂಗುಹಾಕಬಹುದಾದ ಕ್ಷೇತ್ರದಲ್ಲಿ ಮಾನ್ಯ ಪದವಿಯೇ ಮುಖ್ಯ ಪುರಾವೆ. ಈ ಕಾರಣದಿಂದಲೇ ಆರು ತಿಂಗಳಲ್ಲಿ ವಿನ್ಯಾಸಕರನ್ನು ಮಾಡುವುದಾಗಿ ಜಾಹೀರಾತು ನೀಡುವ ತರಬೇತಿ ಕೇಂದ್ರಗಳೂ ಹೆಚ್ಚಿವೆ.

ಮಾನ್ಯತೆಯನ್ನು ಗುರುತಿಸಲು ವರ್ತಕರಿಗೆ ಪರಿಚಿತವಾದ ಒಂದು ಸಾಧನವಿದೆ. ಕಾನೂನಿನ ಮಾನ್ಯತೆ ಪಡೆದ ಅರ್ಹತೆಗಾಗಿ ಪಠ್ಯಕ್ರಮದ ಅಂಗವಾಗಿ ನೀಡುವ ಶಿಕ್ಷಣಕ್ಕೆ 2017ರ ಜೂನ್ 28ರ ಅಧಿಸೂಚನೆ 12ರಂತೆ ಜಿಎಸ್‌ಟಿ ವಿನಾಯಿತಿ ಇದೆ. ಅಂತಹ ಮಾನ್ಯತೆಯಿಲ್ಲದ ಖಾಸಗಿ ಪ್ರಮಾಣಪತ್ರ ಶಿಕ್ಷಣಕ್ಕೆ ಶೇ. 18 ತೆರಿಗೆ ತಗಲುತ್ತದೆ. ಆದ್ದರಿಂದ ಬೋಧನಾ ಶುಲ್ಕದ ಅಂದಾಜುಪಟ್ಟಿಯಲ್ಲಿ ಶೇ. 18 ಜಿಎಸ್‌ಟಿ ಕಾಣಿಸಿಕೊಂಡರೆ, ಆ ಶಿಕ್ಷಣವು ಮಾನ್ಯ ಪದವಿಗೆ ಒಯ್ಯುವುದೇ ಎಂದು ಪೋಷಕರು ಅಲ್ಲಿಯೇ ನಿಂತು ವಿಚಾರಿಸಬೇಕು. ಒಂದು ವಿಶ್ವವಿದ್ಯಾಲಯದ ಹೆಸರನ್ನು ಹೇಳಿಕೊಂಡು ಬೇರೊಂದು ಸಂಸ್ಥೆ ರಸೀದಿ ನೀಡುವುದಾದರೆ, ಪದವಿ ಪ್ರಮಾಣಪತ್ರದ ಮೇಲೆ ಯಾರ ಮುದ್ರೆ ಇರುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಖರ್ಚು ಮತ್ತು ಮರುಪಾವತಿ

ಈಗ ತಂದೆಯ ಎರಡನೆಯ ಆಕ್ಷೇಪ. ಮೂರು ವರ್ಷಗಳ ಪದವಿಗೆ ಹೋಲಿಸಿದರೆ ಹೆಚ್ಚುವರಿ ಒಂದು ವರ್ಷದ ನಿಜವಾದ ವೆಚ್ಚದಲ್ಲಿ ಎರಡು ಭಾಗಗಳಿವೆ: ಕೈಯಿಂದ ಹೋಗುವ ಹಣ ಮತ್ತು ಕೈತಪ್ಪುವ ಸಂಪಾದನೆ. ಉದಾಹರಣೆಗಾಗಿ ಶುಲ್ಕ ಮತ್ತು ಸಾಮಗ್ರಿಗೆ 3,00,000 ರೂಪಾಯಿ, ತಿಂಗಳಿಗೆ 20,000ದಂತೆ ಕೈತಪ್ಪುವ ಸಂಪಾದನೆ 2,40,000 ರೂಪಾಯಿ ಎಂದು ಹಿಡಿದರೆ ಒಟ್ಟು 5,40,000 ರೂಪಾಯಿ.

ಇದರ ಎದುರು ಜಮೆಯ ಪಕ್ಕವನ್ನು ನೋಡಬೇಕು. ತಿಂಗಳಿಗೆ 100 ಹಲಗೆಗಳನ್ನು ಕತ್ತರಿಸುವ ಘಟಕವು ಹಲಗೆಗೆ 3,000 ರೂಪಾಯಿಯಂತೆ ವರ್ಷಕ್ಕೆ 36,00,000 ರೂಪಾಯಿಯ ಪ್ಲೈವುಡ್ ಬಳಸುತ್ತದೆ. ನಕ್ಷೆ ಸರಿಯಾಗಿ, ವ್ಯರ್ಥವು ಶೇ. 20ರಿಂದ ಶೇ. 15ಕ್ಕೆ ಇಳಿದರೆ ವರ್ಷಕ್ಕೆ 1,80,000 ರೂಪಾಯಿ ಉಳಿತಾಯ. ಮೂರು ವರ್ಷಗಳಲ್ಲಿ ಬುನಾದಿ ವರ್ಷದ ಅಸಲು ಮರಳುತ್ತದೆ. ಇವು ಕೇವಲ ಮಾದರಿ ಅಂಕಿಗಳು. ಪ್ರತಿಯೊಬ್ಬರೂ ತಮ್ಮ ಘಟಕದ ಅಂಕಿಗಳನ್ನು ಈ ಸ್ಥಾನಗಳಲ್ಲಿ ತುಂಬಿಕೊಳ್ಳಬೇಕು. ಒಳ್ಳೆಯ ಕತ್ತರಿಸುವ ಯಂತ್ರ ಮತ್ತು ತಂತ್ರಾಂಶದಿಂದಲೂ ಇದೇ ಉಳಿತಾಯದ ಒಂದು ಭಾಗ ಸಾಧ್ಯವೆಂಬುದನ್ನೂ ಮರೆಮಾಚುವಂತಿಲ್ಲ. ಆದರೆ 625 ಎಂದು ಬರೆದ ನಕ್ಷೆಯನ್ನು ಯಂತ್ರವು 600 ಎಂದು ತಿದ್ದಲಾರದು. ತಿಂಗಳಿಗೆ ಹತ್ತೇ ಹಲಗೆ ಬಳಸುವ ಅಂಗಡಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ವಿನ್ಯಾಸ ಶುಲ್ಕದ ಆದಾಯವನ್ನೇ ನೆಚ್ಚಬೇಕಾಗುತ್ತದೆ.

ಹಣ ಹೊಂದಿಸುವಾಗ ಗಮನಿಸಬೇಕಾದ ಎರಡು ಅಂಶಗಳಿವೆ. ಮಕ್ಕಳ ಶಿಕ್ಷಣ ಶುಲ್ಕವನ್ನು ಪಾಲುದಾರಿಕೆ ಸಂಸ್ಥೆಯ ಖರ್ಚಿಗೆ ಬರೆಯುವ ಅಭ್ಯಾಸ ಕೆಲವೆಡೆ ಇದೆ. ಸ್ವಂತ ಸ್ವರೂಪದ ವೆಚ್ಚವನ್ನು ವ್ಯವಹಾರದ ವೆಚ್ಚವೆಂದು ತೋರಿಸಿದರೆ ತೆರಿಗೆ ನಿರ್ಧಾರದ ವೇಳೆ ಅದು ತಿರಸ್ಕೃತವಾಗುವ ಸಂಭವವೇ ಹೆಚ್ಚು. ಪಾಲುದಾರರ ಬಂಡವಾಳ ಖಾತೆಯಿಂದ ತೆಗೆಯುವುದೇ ಸರಿಯಾದ ಕ್ರಮ. ಇನ್ನು, ಬ್ಯಾಂಕಿನ ಶಿಕ್ಷಣ ಸಾಲದ ಬಡ್ಡಿಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಇ ಕಲಂ ಹಳೆಯ ತೆರಿಗೆ ಪದ್ಧತಿಯಲ್ಲಿ ಎಂಟು ವರ್ಷಗಳವರೆಗೆ ಕಡಿತ ನೀಡಿತ್ತು. ಹೊಸ ಪದ್ಧತಿಯನ್ನು ಆಯ್ದವರಿಗೆ ಅದು ಇರಲಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ಹೊಂದಿರುವ 2025ರ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿರುವುದರಿಂದ ಸಾಲ ಪಡೆಯುವ ಮುನ್ನ ಯಾವ ಪದ್ಧತಿ ಲಾಭಕರ ಎಂಬುದನ್ನು ಲೆಕ್ಕಹಾಕಿಕೊಳ್ಳಬೇಕು.

ವೃತ್ತಿ ಆರಂಭಿಸಿದ ಮೇಲೆ

ಶಾಸನಬದ್ಧ ನೋಂದಣಿ ಇಲ್ಲದಿದ್ದರೂ ತೆರಿಗೆ ಇಲಾಖೆ ಈ ವೃತ್ತಿಯನ್ನು ಬಹಳ ಹಿಂದೆಯೇ ಗುರುತಿಸಿತ್ತೆಂಬುದು ಸ್ವಾರಸ್ಯಕರ. 1961ರ ಕಾಯ್ದೆಯ 44ಎಎ ಕಲಂ ವಕೀಲಿ, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಲೆಕ್ಕಶಾಸ್ತ್ರಗಳ ಸಾಲಿನಲ್ಲಿಯೇ ಒಳಾಂಗಣ ಅಲಂಕಾರವನ್ನೂ ಹೆಸರಿಸಿತು. 2016ರ ಹಣಕಾಸು ಕಾಯ್ದೆಯು ಸೇರಿಸಿದ 44ಎಡಿಎ ಕಲಂ ಪ್ರಕಾರ ಇಂತಹ ವೃತ್ತಿಪರರು 50 ಲಕ್ಷ ರೂಪಾಯಿವರೆಗಿನ ಸ್ವೀಕೃತಿಯ ಶೇ. 50ನ್ನು ಆದಾಯವೆಂದು ಘೋಷಿಸುವ ಅವಕಾಶ ಪಡೆದರು. 2023ರಲ್ಲಿ, ನಗದು ಸ್ವೀಕೃತಿ ಶೇ. 5 ಮೀರದಿದ್ದಲ್ಲಿ, ಈ ಮಿತಿಯನ್ನು 75 ಲಕ್ಷಕ್ಕೆ ಏರಿಸಲಾಯಿತು.

ಒಳಾಂಗಣ ವಿನ್ಯಾಸ ಸೇವೆಗೆ ಜಿಎಸ್‌ಟಿ ಶೇ. 18. ಸೇವೆಗಳಿಗೆ ನೋಂದಣಿ ಮಿತಿ 20 ಲಕ್ಷ ರೂಪಾಯಿ ವಹಿವಾಟು. ಆದರೆ ಈಗಾಗಲೇ ನೋಂದಣಿ ಪಡೆದ ತಂದೆಯ ಸಂಸ್ಥೆಯೇ ವಿನ್ಯಾಸದ ಬಿಲ್ಲು ನೀಡಿದರೆ ಮೊದಲ ರೂಪಾಯಿಯಿಂದಲೇ ತೆರಿಗೆ ಅನ್ವಯಿಸುತ್ತದೆ. ಮಗಳು ತನ್ನ ಹೆಸರಿನಲ್ಲಿ ಪ್ರತ್ಯೇಕವಾಗಿ ವೃತ್ತಿ ನಡೆಸುವುದಾದರೆ ಅದು ನಿಜವಾಗಿಯೂ ಪ್ರತ್ಯೇಕವಾಗಿರಬೇಕು: ಬೇರೆ ಬ್ಯಾಂಕ್ ಖಾತೆ, ಬೇರೆ ಗ್ರಾಹಕರು, ಬೇರೆ ಕರಾರು. ಕುಟುಂಬದ ಸಂಸ್ಥೆಯು ಅವಳಿಗೆ ಶುಲ್ಕ ಕೊಡುವಾಗ ಮಾರುಕಟ್ಟೆ ದರವನ್ನು ಮೀರಬಾರದು.

ಇನ್ನೊಂದು ಅಂಶವನ್ನು ಸಂಕೋಚವಿಲ್ಲದೆ ಪ್ರಸ್ತಾಪಿಸಬೇಕಾಗಿದೆ. ವಿನ್ಯಾಸಕರು ಸರಕು ಆಯ್ಕೆ ಮಾಡಿಕೊಟ್ಟದ್ದಕ್ಕೆ ಪ್ರತಿಯಾಗಿ ಅಂಗಡಿಗಳಿಂದ ಗ್ರಾಹಕನಿಗೆ ತಿಳಿಯದಂತೆ ಕಮಿಷನ್ ಪಡೆಯುವ ರೂಢಿಯಿಂದ ವರ್ತಕರಲ್ಲಿ ಬಹಳ ಅಸಮಾಧಾನವಿದೆ. ಪುಸ್ತಕದಲ್ಲಿ ಕಾಣದ ಕಮಿಷನ್ ಎರಡೂ ಕಡೆಯವರಿಗೆ ಅಪಾಯ. ಕಾಣಿಸಿದರೆ ಮೂಲದಲ್ಲಿ ತೆರಿಗೆ ಕಡಿತ ಮತ್ತು ಜಿಎಸ್‌ಟಿ ನಿಯಮಗಳು ಅನ್ವಯಿಸುತ್ತವೆ. ಇಷ್ಟು ಕಾಲ ಈ ಮೇಜಿನ ಒಂದೇ ಬದಿಯಲ್ಲಿ ಕುಳಿತಿದ್ದ ಕುಟುಂಬವು ಮಗಳ ಮೂಲಕ ಇನ್ನೊಂದು ಬದಿಗೂ ಬರಲಿದೆ. ತನ್ನದೇ ಅಂಗಡಿಯ ಸರಕನ್ನು ಗ್ರಾಹಕನಿಗೆ ಸೂಚಿಸುವಾಗ ಆ ಸಂಬಂಧವನ್ನು ಮೊದಲೇ ತಿಳಿಸಿ, ವಿನ್ಯಾಸ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸುವ ಸಂಸ್ಥೆಗೆ ವಿಶ್ವಾಸಾರ್ಹತೆಯೇ ದೊಡ್ಡ ಬಂಡವಾಳವಾಗುತ್ತದೆ.

ಪೋಷಕರು ಮಾಡಬೇಕಾದದ್ದು

ಸೇರಿಸುವ ಮುನ್ನ ಕಾಲೇಜಿನ ಸ್ವಾಗತ ಕೊಠಡಿಯನ್ನಲ್ಲ, ಕಾರ್ಯಾಗಾರವನ್ನು ನೋಡಬೇಕು. ಗರಗಸದ ಬಳಿ ಮರದ ಪುಡಿ ಇದೆಯೇ, ಅಥವಾ ಯಂತ್ರಗಳ ಮೇಲೆ ಹೊದಿಕೆ ಇದೆಯೇ ಎಂಬುದು ವ್ಯಾಪಾರಸ್ಥನ ಕಣ್ಣಿಗೆ ತಕ್ಷಣ ತಿಳಿಯುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗಳು ಕೈಯಿಂದ ಮಾಡಿದ ಮಾದರಿಗಳನ್ನು ತೋರಿಸುವಂತೆ ಕೇಳಬೇಕು. ಪದವಿ ನೀಡುವ ವಿಶ್ವವಿದ್ಯಾಲಯದ ಹೆಸರನ್ನು ಯುಜಿಸಿ ಪಟ್ಟಿಯೊಂದಿಗೆ ತಾಳೆ ನೋಡಬೇಕು. ನಾಲ್ಕೂ ವರ್ಷಗಳ ಶುಲ್ಕ, ಸಾಮಗ್ರಿ, ಗಣಕಯಂತ್ರ ಮತ್ತು ಪ್ರವಾಸದ ವೆಚ್ಚವನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಬೇಕು. ರಜಾ ದಿನಗಳಲ್ಲಿ ಮಗಳನ್ನು ಗಲ್ಲಾಪೆಟ್ಟಿಗೆಯ ಬಳಿ ಕೂರಿಸುವ ಬದಲು ಕಾರ್ಖಾನೆಯ ಹಿರಿಯ ಬಡಗಿಯ ಜೊತೆ ನಿಲ್ಲಿಸಬೇಕು. ಶಾಲೆಯ ಪಾಠವೂ ಕಸುಬಿನ ಪಾಠವೂ ಒಂದನ್ನೊಂದು ತಿದ್ದುತ್ತವೆ.

ಕೊನೆಯದಾಗಿ ಕಾಲದ ಮಾತು. ಪಿಯುಸಿ ಫಲಿತಾಂಶ ಬಂದ ಮೇಲೆ ಯೋಚಿಸೋಣ ಎಂಬುದು ಬಹುತೇಕ ಮನೆಗಳ ವಾಡಿಕೆ. ಆದರೆ ರಾಷ್ಟ್ರಮಟ್ಟದ ವಿನ್ಯಾಸ ಸಂಸ್ಥೆಗಳ ಅರ್ಜಿಗಳು ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಮುಗಿದು, ಪ್ರವೇಶ ಪರೀಕ್ಷೆಗಳು ವರ್ಷಾರಂಭದ ಹೊತ್ತಿಗೆ ನಡೆದುಹೋಗಿರುತ್ತವೆ. ಫಲಿತಾಂಶಕ್ಕಾಗಿ ಕಾದು ಕುಳಿತವರಿಗೆ ಉಳಿಯುವುದು ಹೆಚ್ಚಿನ ಶುಲ್ಕದ ಆಯ್ಕೆಗಳು ಮಾತ್ರ. ಮಾರತ್ತಹಳ್ಳಿಯ ಆ ತಂದೆಯು ಒಪ್ಪುವುದಾದರೂ ನಿರಾಕರಿಸುವುದಾದರೂ ದಸರಾ ರಜೆಯೊಳಗೆ ಮಗಳೊಡನೆ ಕುಳಿತು, ತನ್ನ ಘಟಕದ ಹಲಗೆಗಳ ಲೆಕ್ಕವನ್ನೂ ಕಾಲೇಜಿನ ಶುಲ್ಕದ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಅಗತ್ಯ. ಗೋಡೆಗೆ ಒರಗಿ ನಿಂತಿರುವ ತುಂಡು ಹಲಗೆಗಳನ್ನು ಅಂದು ಒಮ್ಮೆ ಎಣಿಸಿದರೆ ತೀರ್ಮಾನಕ್ಕೆ ಬೇಕಾದ ಅಂಕಿ ಅಲ್ಲಿಯೇ ದೊರೆಯುತ್ತದೆ.